ಮಧ್ಯಾಹ್ನದ ಫೋನು

ಮಂಗಳವಾರ, ಜುಲೈ ೮

ಅಕ್ಕನಿಗೆ ತಮ್ಮನ ನಮಸ್ಕಾರ.

ಬಲಭುಜ ಒಂದನ್ನು ಬಿಟ್ಟರೆ ಮಿಕ್ಕ ನಾನೆಲ್ಲ ಚೆನ್ನಾಗಿದ್ದೀನಿ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಇವತ್ತು ನಾಳೆ ಅಂತ ತಳ್ಳಿಕೊಂಡೇ ಬಂದೆ, ಕ್ಷಮಿಸು. ನಿನಗೆ ಕಿವಿ ಕೇಳಿಸದಂತಾದ ಮೇಲೆ ನಮ್ಮಿಬ್ಬರಿಗೂ ಕಾಗದವೇ ಗತಿ. ಅದರಲ್ಲಿ ಒಂದು ಲಾಭವೂ ಉಂಟು: ನಿನ್ನ ಬೈಗುಳ ನನ್ನ ಹತ್ತಿರ ಬರುವಷ್ಟರಲ್ಲಿ ಆರಿರುತ್ತದೆ. ಅಕ್ಷರ ನೋಡಿ ನಗಬೇಡ. ಬಟ್ಟೆ ಸುತ್ತುವ ಹಳೇ ಪೇಪರ್ ಓದಿ ಕಲಿತ ಅಕ್ಷರ, ಸುಕ್ಕು ಇದ್ದೇ ಇರುತ್ತದೆ.

ಇಸ್ತ್ರಿ ಅಂಗಡಿ ನಡೀತಿದೆ. ಎದುರಿನ ಹೋಟೆಲಿನವನು ಮೇಜಿನ ಬಟ್ಟೆಗಳನ್ನೆಲ್ಲ ನನಗೇ ಕೊಡ್ತಿದ್ದಾನೆ. ಎಣ್ಣೆ ಕಲೆ ಹೋಗಿಲ್ಲ ಅಂತ ನನ್ನ ಮೇಲೆ ರೇಗ್ತಾನೆ. "ಸ್ವಾಮಿ, ನಾನು ಸುಕ್ಕು ತೆಗೆಯೋನು, ಪಾಪ ತೊಳೆಯೋನಲ್ಲ" ಅಂದೆ. ನಗು ಬಂದರೂ ತಡೆದುಕೊಂಡ.

ಈಗ ಮೆಣಸಿನ ವಿಷಯ. ನನ್ನ ಮಗಳ ಮಗಳಿಗೆ ಈ ಹೆಸರಿಟ್ಟವಳು ನೀನೇ, "ಕಾಳಿನಷ್ಟಿದ್ದಾಳೆ, ಖಾರ ನೋಡು" ಅಂತ. ಈ ವರ್ಷ ಅವಳು ಹೊಸ ಶಾಲೆಗೆ ಸೇರಿದಳಲ್ಲ, ಮಗಳು ನರ್ಸ್ ಆಗಿರೋ ಆಸ್ಪತ್ರೆ ಹತ್ತಿರ ಮನೆ ಮಾಡಿದರು ಅಂತ. ನಮ್ಮ ಅಂಗಡಿಯಿಂದ ಎರಡು ಬಸ್ಸು ಹತ್ತಬೇಕು. ವಾರಕ್ಕೊಮ್ಮೆ, ಭಾನುವಾರ, ಅವಳ ಸಮವಸ್ತ್ರದ ಗಂಟು ನನ್ನ ಹತ್ತಿರ ಬರುತ್ತೆ. ಆದರೆ ಫೋನು ಮಾತ್ರ ದಿನಾ. ಮಧ್ಯಾಹ್ನ ಊಟದ ಬೆಲ್ ಹೊಡೆದ ತಕ್ಷಣ "ತಾತಾ, ಏನ್ ಮಾಡ್ತಿದೀಯಾ?" ನಾನು ಇಸ್ತ್ರಿ ಆರಿಸಿ, ಡಬ್ಬಿ ಬಿಚ್ಚಿ, ಫೋನನ್ನು ಬಟ್ಟೆಗೆ ಹಾಕೋ ಗಂಜಿಯ ಡಬ್ಬಕ್ಕೆ ಒರಗಿಸಿಕೊಂಡು ಊಟಕ್ಕೆ ಕೂರೋದು. ಅವಳ ಗೆಳತಿಯರ ಕಥೆಯೆಲ್ಲ ಆಗಲೇ ಹೇಳ್ತಿದ್ದಳು. ಒಬ್ಬಳು ಇವಳ ಡಬ್ಬಿಗೇ ಕೈ ಹಾಕ್ತಾಳೆ, ಇನ್ನೊಬ್ಬಳು ಟೀಚರ್ ನಡಿಗೆ ಅಣಕಿಸ್ತಾಳೆ ಅಂತ. ಆ ಮಕ್ಕಳ ಮುಖ ನೋಡದಿದ್ದರೂ ದಾರಿಯಲ್ಲಿ ಸಿಕ್ಕರೆ ಗುರುತು ಹಿಡೀತೀನಿ ಅನ್ನುವಷ್ಟು ಕೇಳಿದ್ದೆ.

ಹೋದ ತಿಂಗಳು ಶಾಲೆಯಿಂದ ಕರೆ ಬಂತು. ಶಾಲೆ ಹೊತ್ತಿನಲ್ಲಿ ಮಕ್ಕಳ ಹತ್ತಿರ ಫೋನ್ ಇರಬೇಕೋ ಬೇಡವೋ, ಮನೆಯವರು ಬಂದು ಕೈ ಎತ್ತಿ ತೀರ್ಮಾನಿಸಬೇಕಂತೆ. ಮಗಳಿಗೆ ಡ್ಯೂಟಿ, ಅಳಿಯ ಲಾರಿ ತಗೊಂಡು ಹೋಗಿದ್ದ. ಮಗಳು "ಅಪ್ಪಾ, ನೀನೇ ಹೋಗಿ ನಿನಗೆ ಸರಿ ಕಂಡಂತೆ ಹೇಳು" ಅಂದಳು. ಹಿಂದೆಯೇ ಮೆಣಸಿನ ಆಜ್ಞೆ: "ತಾತಾ, ಫೋನ್ ಇರಲಿ ಅಂತಾನೇ ಕೈ ಎತ್ತಬೇಕು. ಆಣೆ?" ಆಣೆ ಅಂದೆ. ನನಗಾದರೂ ಬೇರೆ ಏನು ಬೇಕಿತ್ತು?

ಅವತ್ತು ಬಸ್ಸು ಬೇಗ ಸಿಕ್ಕಿತು. ಸಭೆ ಊಟದ ಬಿಡುವಾದ ಮೇಲೆ, ನಾನು ಬಿಡುವಿಗೂ ಮುಂಚೆಯೇ ಹಾಜರ್. ಕಾವಲಿನವರು "ಯಜಮಾನರೇ, ಮೇಲೆ ಹೋಗಿ ಕೂತಿರಿ" ಅಂತ ಮಹಡಿಯ ಬೆಂಚು ತೋರಿಸಿದರು. ಬೆಲ್ ಹೊಡೆಯಿತು. ಮಕ್ಕಳು ಚೀಲದಿಂದ ಸುರಿದ ಕಾಳಿನ ಹಾಗೆ ಹೊರಬಿದ್ದರು. ನನ್ನ ಫೋನೂ ಹೊಡೆದುಕೊಂಡಿತು.

"ತಾತಾ, ಎಲ್ಲಿದೀಯಾ?"

ನಿನ್ನ ಶಾಲೆಯಲ್ಲೇ ಕಣೇ ಅಂತ ಬಾಯಿಗೆ ಬಂದಿತ್ತು. ಆದರೆ ಅವಳ ದನಿ ಎರಡೂ ಕಿವಿಗೆ ಕೇಳಿಸಿತು ಅಕ್ಕಾ, ಒಂದಕ್ಕೆ ಫೋನಿನಿಂದ, ಇನ್ನೊಂದಕ್ಕೆ ಕೆಳಗಿನಿಂದ. ಎದ್ದು ಕಿಟಕಿಯಲ್ಲಿ ಬಗ್ಗಿ ನೋಡಿದೆ. ಮೆಟ್ಟಿಲ ಹಿಂದೆ, ಮುರಿದ ಬೆಂಚುಗಳನ್ನು ಪೇರಿಸಿಟ್ಟಿರೋ ಮೂಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಒಬ್ಬಳೇ. ಡಬ್ಬಿ ಇನ್ನೂ ಬಿಚ್ಚಿರಲಿಲ್ಲ.

"ಅಂಗಡೀಲಿ, ಇನ್ನೇನು ಹೊರಡ್ತೀನಿ" ಅಂದೆ, ಕೆಳಗೆ ಕೇಳಿಸದ ಹಾಗೆ ದನಿ ತಗ್ಗಿಸಿ.

"ಬೇಗ ಬಾ. ನಾವೆಲ್ಲ ಊಟಕ್ಕೆ ಕೂತಿದೀವಿ. ಏಯ್, ಬಿಡೇ, ಅದು ನನ್ನ ಡಬ್ಬಿ! ನೋಡು ತಾತಾ ಇವಳನ್ನ."

ಅವಳ ಪಕ್ಕದಲ್ಲಿ ಒಂದು ಕಾಗೆಯೂ ಇರಲಿಲ್ಲ. ಅಷ್ಟರಲ್ಲಿ ಇಬ್ಬರು ಹುಡುಗಿಯರು ಚೆಂಡು ಹುಡುಕಿಕೊಂಡು ಆ ಮೂಲೆಗೆ ಬಂದರು. ನಮ್ಮವಳು ದನಿ ಏರಿಸಿ, ಫೋನು ಕಿವಿಗೊತ್ತಿ, ಬಿದ್ದು ಬಿದ್ದು ನಕ್ಕಳು. ನಾನು ನಗುವಂಥದ್ದೇನೂ ಹೇಳಿರಲಿಲ್ಲ. ಚೆಂಡು ಸಿಕ್ಕಿ ಅವರು ಹೋದ ಮೇಲೆ ನಗುವೂ ನಿಂತಿತು. "ಸರಿ ತಾತಾ, ಇನ್ನೂ ಸ್ವಲ್ಪ ಹೊತ್ತು ಮಾತಾಡು" ಅಂದಳು, ಮೆಲ್ಲಗೆ. ಮಾತಾಡಿದೆ. ಹೋಟೆಲಿನವನ ಕಥೆ ಹೇಳಿದೆ. ಬಿಡುವು ಮುಗಿಯೋವರೆಗೂ ಆ ಕಿಟಕಿ ಬಿಟ್ಟು ಕದಲಲಿಲ್ಲ.

ಸಭೆ ಜೋರಾಗಿಯೇ ನಡೆಯಿತು. ಗಂಟಲು ದೊಡ್ಡದಿದ್ದ ಒಬ್ಬ ಅಪ್ಪ, "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮಗು ಯಾರಿಗೆ ಹೇಳ್ಬೇಕು?" ಅಂದ. "ಆಫೀಸಲ್ಲಿ ಫೋನ್ ಇದೆ, ನಾನೂ ಇದೀನಿ" ಅಂದರು ಹೆಡ್‌ಮಿಸ್. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, "ನಾವೆಲ್ಲ ಫೋನಿಲ್ದೆ ಬೆಳೀಲಿಲ್ವಾ?" ಅಂದರೆ, ಆ ಅಪ್ಪ ತಿರುಗಿ, "ಚಪ್ಪಲಿ ಇಲ್ದೇನೂ ಬೆಳೆದ್ರಿ ಅಮ್ಮಾ, ಮೊಮ್ಮಕ್ಕಳಿಗೆ ಕೊಡಿಸ್ಲಿಲ್ವಾ?" ಅಂದುಬಿಟ್ಟ. ಎಲ್ಲರೂ ನಕ್ಕರು, ಅಜ್ಜಿಯೂ ನಕ್ಕರು. ಒಬ್ಬ ತಾಯಿ ಮಾತ್ರ ನಗಲಿಲ್ಲ. ಅವರ ಮಗನಿಗೆ ಸಕ್ಕರೆ ಕಾಯಿಲೆ. ತೋಳಿಗೆ ಅಂಟಿಸಿದ ಬಿಲ್ಲೆ ರಕ್ತದ ಸಕ್ಕರೆ ಎಷ್ಟಿದೆ ಅಂತ ಫೋನಿಗೆ ತಿಳಿಸುತ್ತಂತೆ. "ಅದನ್ನ ಕಿತ್ಕೊಂಡ್ರೆ ನನ್ನ ಮಗನ್ನ ಯಾರು ನೋಡ್ತಾರೆ?" ಅಂದರು. ಅಂಥ ಮಕ್ಕಳ ಫೋನು ಅವರ ಹತ್ತಿರವೇ ಇರಲಿ ಅಂತ ಎಲ್ಲರೂ ಒಪ್ಪಿದರು. ಮಿಕ್ಕವರದು ಬೆಳಗ್ಗೆ ತರಗತಿಯ ಪೆಟ್ಟಿಗೆಗೆ, ಸಾಯಂಕಾಲ ವಾಪಸ್. ಹೀಗೆ ಪೆಟ್ಟಿಗೆ ಬೇಕೆನ್ನುವವರು ಕೈ ಎತ್ತಿ ಅಂದರು ಹೆಡ್‌ಮಿಸ್.

ಎತ್ತಿದೆ ಅಕ್ಕಾ. ಇಸ್ತ್ರಿ ತಳ್ಳಿ ತಳ್ಳಿ ಬಿಗಿದುಕೊಂಡಿರೋ ಇದೇ ಬಲಗೈ. ಮೂಲೆಯಲ್ಲಿ ಕೂತು ನನ್ನ ಹತ್ತಿರ ಮಾತಾಡ್ತಿರೋವರೆಗೂ ಆ ಮಗು ಮೂಲೆ ಬಿಟ್ಟು ಏಳೋದಿಲ್ಲ ಅನ್ನಿಸಿತು. ಸರಿಯೋ ತಪ್ಪೋ, ಆ ಗಳಿಗೆಗೆ ಹಾಗನ್ನಿಸಿತು. ಎತ್ತಿದ ಕೈಗಳೇ ಹೆಚ್ಚಾಗಿ ಪೆಟ್ಟಿಗೆಯೇ ಗೆದ್ದಿತು.

ಭಾನುವಾರ ಗಂಟು ತಂದವಳು ನೇರವಾಗಿ ಕೇಳಿದಳು. "ಯಾವುದಕ್ಕೆ ಕೈ ಎತ್ತಿದೆ?"

"ಫೋನ್ ಬೇಡ ಅನ್ನೋದಕ್ಕೆ."

ಕಿರುಚಿದ್ದರೆ ಚೆನ್ನಾಗಿತ್ತು. "ಹಾಗಾದ್ರೆ ನನ್ನ ಜೊತೆ ಮಾತಾಡೋಕೆ ನಿಂಗೂ ಬೇಜಾರು" ಅಂತ ಹೇಳಿ ಗಂಟು ಇಟ್ಟು ಹೊರಟುಹೋದಳು. ಆಮೇಲಿಂದ ಗಂಟು ಅವಳಮ್ಮನ ಕೈಯಲ್ಲಿ ಬರ್ತಿದೆ.

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿದೆ. ಯಾಕೆ ಕೈ ಎತ್ತಿದೆ ಅಂತ ಹೇಳಿದರೆ, ನಾನು ಆ ಕಿಟಕಿಯಲ್ಲಿದ್ದೆ ಅಂತಲೂ ಹೇಳಬೇಕು. ಅವಳು ಆ ಮೂಲೆಯನ್ನು ನನ್ನಿಂದ ಮುಚ್ಚಿಡೋಕೆ ಎಷ್ಟು ಪಾಡು ಪಟ್ಟಿದ್ದಾಳೆ. ಹೇಳಲಾ, ಬೇಡವಾ? ನೀನು ಹೇಳಿದ ಹಾಗೆ ಮಾಡ್ತೀನಿ. ಮಧ್ಯಾಹ್ನದ ಹೊತ್ತು ಈಗ ಬಿಡುವಿರುತ್ತೆ, ಇನ್ನು ತಡ ಮಾಡದೆ ಬರೀತೀನಿ.

ನಿನ್ನ ತಮ್ಮ


ಗುರುವಾರ, ಅಕ್ಟೋಬರ್ ೧೬

ಅಕ್ಕನಿಗೆ ನಮಸ್ಕಾರ, ಮತ್ತೆ ತಡವಾದದ್ದಕ್ಕೆ ಎರಡನೇ ನಮಸ್ಕಾರ.

"ಬಾಯಿ ಮುಚ್ಚಿಕೊಂಡು ಇಸ್ತ್ರಿ ಮಾಡು. ಮಕ್ಕಳ ಮಾನವೂ ಮಾನವೇ" ಅಂತ ಒಂದೇ ಸಾಲು ಬರೆದಿದ್ದೆಯಲ್ಲ, ಹಾಗೇ ಮಾಡಿದೆ. ಸುಲಭವಾಗಿರಲಿಲ್ಲ. ಮಗಳೂ ಒಂದು ದಿನ ರೇಗಿದಳು. "ಏನಪ್ಪಾ, ನಿನ್ನಿಂದ ಅವಳು ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾಳೆ. ನೀನ್ಯಾಕೆ ಊರ ಉಸಾಬರಿಗೆ ಹೋದೆ?" ನೀನೇ ತಾನೇ ಕಳಿಸಿದ್ದು ಅನ್ನಬಹುದಿತ್ತು. ಅಂಗಿಯ ತೋಳು ಮಡಚಿ ಮುಂದಿನದಕ್ಕೆ ಕೈ ಹಾಕಿದೆ. ಆ ವಾರಗಳಲ್ಲಿ ನಿದ್ದೆ ಸರಿಯಾಗಿ ಹತ್ತಲಿಲ್ಲ. ಆ ಫೋನೂ ಇಲ್ಲದೆ ಮಗು ಆ ಮೂಲೆಯಲ್ಲಿ ಹೇಗೆ ಕೂತಿರುತ್ತೋ, ಇದ್ದ ಒಂದು ಊರುಗೋಲನ್ನೂ ಕಿತ್ತುಕೊಂಡೆನೋ ಅಂತ.

ನಮ್ಮ ಕಸುಬಿನಲ್ಲಿ ಮೊದಲು ಜೇಬು ನೋಡೋದು. ಮುಂಚೆ ಅವಳ ಲಂಗದ ಬಲಜೇಬು ಫೋನಿನ ಭಾರಕ್ಕೆ ಜೋತುಬಿದ್ದಿರುತ್ತಿತ್ತು, ಎಷ್ಟು ನೀರು ಚಿಮುಕಿಸಿ ಒತ್ತಿದರೂ ನೆಟ್ಟಗಾಗ್ತಿರಲಿಲ್ಲ. ಆಮೇಲೆ ಕೆಲವು ವಾರ ಖಾಲಿ. ಬರೀ ಖಾಲಿ ಜೇಬು ನೋಡೋದು ಕಷ್ಟ ಅಕ್ಕಾ. ಹೋದ ತಿಂಗಳು ಒಂದು ಸಲ ಕೈ ಹಾಕಿದರೆ ದಾರ! ಎರಡೂ ತುದಿ ಸೇರಿಸಿ ಗಂಟು ಹಾಕಿದ್ದು, ಕೈಬೆವರಿಗೆ ಕಪ್ಪಾಗಿತ್ತು. ಬೆರಳಿಗೆ ಸಿಕ್ಕಿಸಿ ತೊಟ್ಟಿಲು, ಬಲೆ ಅಂತ ನಾವು ಆಡ್ತಿದ್ದೆವಲ್ಲ, ಆ ದಾರ. ನೀನು ನನ್ನ ಬೆರಳಿಂದ ಕಿತ್ತುಕೊಂಡು ಗೆದ್ದೆ ಅಂತಿದ್ದೆ. ಅದು ಒಬ್ಬರೇ ಆಡೋ ಆಟವಲ್ಲ ಅಂತ ನಿನಗೆ ಗೊತ್ತು. ಇಸ್ತ್ರಿ ಆರಿಸಿ, ಸ್ಟೂಲಿನ ಮೇಲೆ ಕೂತು, ಆ ದಾರವನ್ನೇ ನೋಡ್ತಾ ನಕ್ಕೆ. ಹೋಟೆಲಿನವನು "ಏನ್ ಯಜಮಾನ್ರೇ, ನಿಧಿ ಸಿಕ್ತಾ?" ಅಂದ. ಹೂಂ ಅಂದೆ. ಲಂಗ ಮಡಚಿ ದಾರವನ್ನು ಮತ್ತೆ ಅದೇ ಜೇಬಿಗೆ ಹಾಕಿ ಕಳಿಸಿದೆ.

ದಾರದ ಇನ್ನೊಂದು ತುದಿಯವಳನ್ನು ಮೊನ್ನೆ ಭಾನುವಾರ ಕಣ್ಣಾರೆ ನೋಡಿದೆ. ಮೆಣಸು ತಾನೇ ಗಂಟು ತಂದಳು, ಜೊತೆಗೆ ಉದ್ದ ಕಾಲಿನ ಒಬ್ಬ ಹುಡುಗಿ. ಅವಳ ಅಡ್ಡಹೆಸರು ಏಣಿ ಅಂತೆ. ಚೆಂಡು ಹುಡುಕಿಕೊಂಡು ಬಂದಿದ್ದ ಇಬ್ಬರಲ್ಲಿ ಒಬ್ಬಳು! ಅಷ್ಟು ಉದ್ದದ ಕಾಲನ್ನು ಮರೆಯೋಕಾಗುತ್ತಾ? ಫೋನು ಹೋದ ಮೇಲೆ ಏಣಿಗೂ ಬಿಡುವಿನಲ್ಲಿ ಏನು ಮಾಡೋದು ಅಂತ ತೋಚಲಿಲ್ಲವಂತೆ, ನಮ್ಮವಳ ಹತ್ತಿರ ಬಂದು "ನಿಂಗೆ ದಾರದ ಆಟ ಬರುತ್ತಾ?" ಅಂದಳಂತೆ. ಬರುತ್ತೆ ಅಂತ ಸುಳ್ಳು ಹೇಳಿ ಅಲ್ಲೇ ಕಲಿತಳಂತೆ ನಮ್ಮವಳು. ಇಬ್ಬರೂ ಬಾಗಿಲ ಮೆಟ್ಟಿಲ ಮೇಲೆ ಕೂತು ಜಗಳವಾಡ್ತಾ ಆಡಿದರು. "ಮೋಸ ಮಾಡ್ತೀಯಲ್ಲೇ!" "ಹೋಗೇ, ನಿನ್ನ ಬೆರಳೇ ದಪ್ಪ." ಹೊರಡುವಾಗ ಮೆಣಸು ನನ್ನ ಕಡೆ ನೋಡಿ, "ತಾತಾ, ನಿನ್ನ ಮೇಲೆ ಕೋಪ ಇನ್ನೂ ಇದೆ, ಸ್ವಲ್ಪ" ಅಂದಳು. "ಇರಲಿ, ಇಟ್ಕೊ" ಅಂದೆ.

ಎಲ್ಲ ಮಕ್ಕಳಿಗೂ ಹೀಗೇ ಆಯಿತು ಅಂತ ನಾನು ಹೇಳೋದಿಲ್ಲ. ಇನ್ನೊಂದು ಮೂಲೆಯಲ್ಲಿ ಇನ್ನೊಂದು ಮಗು ಇರಬಹುದು, ನನಗೆ ಕಂಡದ್ದು ಒಂದೇ ಕಿಟಕಿಯಿಂದ. ನಮ್ಮವಳಿಗೆ ಒಳ್ಳೇದಾಯಿತು, ಅಷ್ಟು ಸಾಕು.

ನೀನು ಔಷಧಿ ತಪ್ಪಿಸಬೇಡ. ನಿನ್ನ ಮನೆಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ಯಾವತ್ತೂ ಅವರ ಕೈ ಹಿಡಿಯೋಕೆ ಇನ್ನೊಂದು ಕೈ ಇರಲಿ.

ನಿನ್ನ ತಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯೋದೋ ಬೇಡವೋ ಅಂತಿದ್ದೆ. ಅವತ್ತು ಮೆಟ್ಟಿಲ ಮೇಲೆ ಆಡುವಾಗ ಏಣಿ ಕೇಳಿದಳು, "ಮುಂಚೆ ದಿನಾ ಮಧ್ಯಾಹ್ನ ಯಾರಿಗೇ ಅಷ್ಟೊಂದು ಫೋನ್ ಮಾಡ್ತಿದ್ದೆ?" ನಾನು ಒಳಗೆ ಕಾಲರ್ ಒತ್ತುತ್ತಿದ್ದೆ. ಕೈ ನಿಂತಿತು. ಮೆಣಸು, "ಯಾರಿಗೂ ಇಲ್ಲ ಕಣೇ, ಸುಮ್ನೆ ಕಿವಿಗಿಟ್ಕೋತಿದ್ದೆ" ಅಂದಳು. ಮಕ್ಕಳ ಮಾನವೂ ಮಾನವೇ, ನೀನು ಬರೆದದ್ದು ನೆನಪಿದೆ, ಅವಳ ವಯಸ್ಸಿನಲ್ಲಿ ನಾನೂ ಅದನ್ನೇ ಹೇಳ್ತಿದ್ದೆನೋ ಏನೋ. ಮತ್ತೆ ಕಾಲರ್ ಒತ್ತಿದೆ. ಆದರೂ ಅಕ್ಕಾ, ಊಟದ ಬೆಲ್ಲಿನ ಹೊತ್ತಿಗೆ ಈಗಲೂ ಇಸ್ತ್ರಿ ಆರಿಸ್ತೀನಿ, ಫೋನನ್ನು ಗಂಜಿ ಡಬ್ಬಕ್ಕೆ ಒರಗಿಸ್ತೀನಿ. ಈ ಕಾಗದ ಬರೆದದ್ದೂ ಅದರ ಎದುರಿಗೇ ಕೂತು.