ಕುಲಸಂತನ ಪಟ

ವ್ರಾನ್ಯೆ
ನವೆಂಬರ್ ೨

ಪ್ರೀತಿಯ ರುಮೆನಾ,

ನಿನ್ನ ಅಣ್ಣ ತಿಹೊಮಿರ್ ಇಲ್ಲದ ಮೊದಲ ಸಂತ ಲೂಕನ ಹಬ್ಬ ಮುಗಿಯಿತು. ನಿನ್ನ ಮಂಡಿನೋವು ಈಗ ಹೇಗಿದೆ?

ಹಬ್ಬ ಹತ್ತಿರವಾದಾಗ ನಿಶ್‌ನಿಂದ ಮಗ ವೆಲಿಮಿರ್ ಫೋನ್ ಮಾಡಿದ್ದ. ನಮ್ಮ ಪಟದಲ್ಲಿ ಸಂತ ಕೂತಿದ್ದಾನೋ ನಿಂತಿದ್ದಾನೋ ಎಂದು ಕೇಳಿದ. ಅವನು ಹುಟ್ಟಿದಾಗಿನಿಂದ ನೋಡಿದ ಪಟ ಅದು. ಅವನ ಹಿಂದಿನಿಂದ ಸೊಸೆ ಬಿಸೆರ್ಕಾ ಏನೋ ಪಿಸುಗುಟ್ಟುತ್ತಿದ್ದಳು. ಪ್ರಶ್ನೆ ಅವಳದೇ ಅನ್ನಿಸಿತು.

ಅಪ್ಪ ಹೋದ ಮೇಲೆ ಕುಲಸಂತ ಮಗನಿಗೆ ಸೇರುತ್ತಾನೆ, ನಿನಗೆ ಗೊತ್ತಿದ್ದದ್ದೇ. ಈ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಸಂತನ ಪಟದ ಮುಂದೆ ಮೇಣದಬತ್ತಿ ಹಚ್ಚಿದ ಮನೆಗೆ ಜನ ತಾವಾಗಿ ಬರುತ್ತಾರೆ. ಬತ್ತಿ ನಿಶ್‌ಗೆ ಹೋದರೆ ನನ್ನ ಬಾಗಿಲು ತಟ್ಟುವವರು ಯಾರು? ಅವನು ಒಯ್ಯದಿರಲೆಂದು ಪಟ ಇಳಿಸಿ ಕಂಬಳಿಗಳ ನಡುವೆ ಬಚ್ಚಿಟ್ಟೆ.

ಹಬ್ಬದ ದಿನ ಮಗ, ಸೊಸೆ ಬಂದಾಗ ಮಧ್ಯಾಹ್ನ ಕಳೆದಿತ್ತು. ಬೆಳಿಗ್ಗೆ ಏನು ಕೆಲಸವಿತ್ತೋ, ಹೇಳಲಿಲ್ಲ. ಪಕ್ಕದ ಮನೆಯ ಲೆಪೊಸಾವಾ ಬರಿಗೋಡೆ ನೋಡಿ, "ಏನ್ ಸ್ತಾಮೆಂಕಾ, ನಿನ್ ಸಂತನೂ ನಿಶ್‌ನಲ್ಲಿ ಮನೆ ಮಾಡಿದ್ನಾ?" ಅಂದಳು. ಕೂತವರೆಲ್ಲ ನಕ್ಕರು. ಒರೆಸಲು ಇಳಿಸಿದ್ದೆ ಎಂದೆ. ಬಿಸೆರ್ಕಾ ನೆಲ ನೋಡುತ್ತಿದ್ದಳು.

ವೆಲಿಮಿರ್ ಬೆಂಕಿಪೊಟ್ಟಣ ತಂದು ನನ್ನ ಕೈಗಿಟ್ಟ.

"ನೀನೇ ಹಚ್ಚಮ್ಮ. ಈ ಮನೆಗೆ ಈಗ ನೀನೇ ಯಜಮಾನಿ."

ಮನೆಯ ಗಂಡಸು ಹಚ್ಚುವ ಬತ್ತಿ ಅದು. ಇಷ್ಟು ಸುಲಭವಾಗಿ ಯಾರು ಬಿಟ್ಟುಕೊಡುತ್ತಾರೆ? ಅವನ ಮುಖ ನೋಡಿದೆ, ಏನೂ ತಿಳಿಯಲಿಲ್ಲ. ಪಟ ತಂದು ಮೊಳೆಗೆ ಹಾಕಿ ಬತ್ತಿ ಹಚ್ಚಿದೆ. ಹಬ್ಬದ ರೊಟ್ಟಿಯನ್ನು ಇಬ್ಬರೂ ಹಿಡಿದು ತಿರುಗಿಸಿದೆವು, ಶಿಲುಬೆಯ ಆಕಾರಕ್ಕೆ ಕೊಯ್ದು ವೈನ್ ಸುರಿದೆವು. ತಿಹೊಮಿರ್ ಇದ್ದಿದ್ದರೆ ವೈನ್ ಮೇಜಿಗೆಲ್ಲ ಚೆಲ್ಲುತ್ತಿದ್ದರು. ಕತ್ತಲಾಗುವವರೆಗೂ ಜನ ಬರುತ್ತಲೇ ಇದ್ದರು.

ಹಬ್ಬ ನನ್ನ ಮನೆಯಲ್ಲೇ ಉಳಿಯಿತು, ರುಮೆನಾ. ಅದನ್ನು ಹೇಳಲೆಂದೇ ಬರೆಯಲು ಕೂತೆ.

ನಿನ್ನ ಅತ್ತಿಗೆ,
ಸ್ತಾಮೆಂಕಾ

ತಾ.ಕ.: ಹೋಗುವಾಗ ಬಿಸೆರ್ಕಾ ಒಲೆಯ ಪಕ್ಕ ಇಟ್ಟಿದ್ದ ಗಂಟನ್ನು ಈಗ ಬಿಚ್ಚಿದೆ. ಹಬ್ಬದ ರೊಟ್ಟಿಯ ಕಾಲುಭಾಗ, ಕೊಯ್ದ ಕಡೆ ವೈನ್ ಕಲೆ. ನಾನು ರೊಟ್ಟಿಯ ಅಂಚಿಗೆ ಜಡೆ ಹೆಣೆಯುತ್ತೇನೆ, ಇದಕ್ಕೆ ಜಡೆಯಿಲ್ಲ. ಬೆಳಿಗ್ಗೆ ತಮ್ಮ ಮನೆಯಲ್ಲಿ, ಅಂದು ಫೋನಿನಲ್ಲಿ ನನ್ನನ್ನು ಕೇಳಿಕೊಂಡು ತಂದ ಹೊಸದೊಂದು ಪಟದ ಮುಂದೆ, ಬತ್ತಿ ಹಚ್ಚಿಯೇ ಬಂದಿದ್ದಾರೆ. ನನ್ನ ಪಾಲನ್ನು ಒಗೆದ ಬಿಳಿ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಕಟ್ಟಿ ತಂದಿದ್ದಾಳೆ, ನೆಂಟರ ಮನೆಗೆ ತರುವ ಹಾಗೆ.