ಎಂಟು ಪುಟದ ಇಂಟರ್ನೆಟ್ ಪಾಠ ಮತ್ತು ಬಾರದ ವ್ಯಾನು

ಮಾನ್ಯ ಮುಖ್ಯಾಧಿಕಾರಿಗಳೇ,

ವೃದ್ಧರನ್ನೂ ಅಶಕ್ತರನ್ನೂ ಆಸ್ಪತ್ರೆಗೆ ಕರೆದೊಯ್ಯುವ ವ್ಯಾನ್ ಸೇವೆ ತಮ್ಮ ಕೈಯಲ್ಲಿದೆ. ಆ ವ್ಯಾನು ನ್ಯೂಜೆರ್ಸಿಯ ಮನ್ರೋದ ನಮ್ಮ ಮನೆಗೆ ಹನ್ನೊಂದು ವಾರದಿಂದ ಬಂದಿಲ್ಲ. ನನ್ನ ಯಜಮಾನರ ಪಾಸು ಮಾರ್ಚ್ ಕೊನೆಗೆ ಮುಗಿಯಿತು. ನವೀಕರಣದ ಅರ್ಜಿ ಈಗ ವೆಬ್‌ಸೈಟಿನಲ್ಲಿ ಮಾತ್ರ ಸಿಗುತ್ತದೆ, ಆ ವೆಬ್‌ಸೈಟು ನನ್ನನ್ನು ಒಳಗೆ ಬಿಡುವುದಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಮೂರು ಸಲ ಬರೆದು ತಿಳಿಸಿದೆ. ಮೂರು ಸಲವೂ ‘ತಮ್ಮ ಸಂದೇಶ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ, ಕಳಿಸಿದ ಸೆಕೆಂಡಿನಲ್ಲೇ ಬಂತು. ಇಷ್ಟು ಬೇಗ ಓದಬಲ್ಲವರು ಕನ್ನಡವನ್ನೂ ಓದಿಯಾರು ಎಂದು ಈ ಸಲ ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮ್ಮ ವೆಬ್‌ಸೈಟಿನ ಮೂಲೆಯಲ್ಲಿ ಅನುವಾದದ ಗುಂಡಿಯೊಂದಿದೆ, ದಯವಿಟ್ಟು ಅದನ್ನು ಒತ್ತಿಕೊಳ್ಳಿ.

ನನ್ನ ಯಜಮಾನರು ದ್ವಾರಕಾನಾಥ, ಮೈಸೂರಿನ ಕೋರ್ಟಿನಲ್ಲಿ ಮೂವತ್ತೈದು ವರ್ಷ ವಕೀಲರಾಗಿದ್ದವರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇವರು ಮಾತು ಬಲ್ಲವರಾಗಿಯೂ ಊರವರ ಜಗಳದಿಂದಲೇ ಸಂಸಾರ ನಡೆಸಿದರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಹೋದವು, ಜೊತೆಗೆ ಮಾತೂ ಹೋಯಿತು. ವಾರಕ್ಕೆರಡು ದಿನ, ಮಂಗಳವಾರ ಮತ್ತು ಗುರುವಾರ, ತಮ್ಮ ವ್ಯಾನು ಬಂದು ಗಾಲಿಕುರ್ಚಿಯ ಸಮೇತ ಅವರನ್ನು ಎತ್ತಿಕೊಂಡು ಸ್ಪೀಚ್ ಥೆರಪಿಗೆ ಕರೆದೊಯ್ಯುತ್ತಿತ್ತು. ಥೆರಪಿ ಮಾಡುವ ಹುಡುಗಿಗೆ ಕನ್ನಡ ಬಾರದು. ನಾನು ಬರೆದುಕೊಟ್ಟ ಚೀಟಿಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಉರು ಹೊಡೆದು ಅವರಿಗೆ ಹೇಳಿಕೊಡುತ್ತಿದ್ದಳು. ಫೆಬ್ರವರಿಯಲ್ಲಿ ‘ಕಾಫಿ’ ಎಂದರು. ಮಾರ್ಚಿನಲ್ಲಿ, ನಾನು ಕಾಫಿಗೆ ಸಕ್ಕರೆ ಹಾಕುವಾಗ, ಸ್ಪಷ್ಟವಾಗಿ ‘ಸಾಕು’ ಎಂದರು. ನಲವತ್ತೆಂಟು ವರ್ಷದ ದಾಂಪತ್ಯದಲ್ಲಿ ನನ್ನನ್ನು ತಡೆದ ಮಾತಿಗೆ ನಾನು ಸಂತೋಷದಿಂದ ಅತ್ತದ್ದು ಅದೊಂದೇ ಸಲ.

ಅದಾದ ಎರಡು ವಾರಕ್ಕೆ ಪಾಸು ಮುಗಿಯಿತು.

ತಮ್ಮ ಕಚೇರಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿಕೊಂಡ ಮೇಲೆ ಒಬ್ಬ ತರುಣಿ ಬಹಳ ನಯವಾಗಿ, “ಮ್ಯಾಮ್, ಇಟ್ಸ್ ಆಲ್ ಆನ್ ದ ವೆಬ್‌ಸೈಟ್” ಎಂದಳು. ವೆಬ್‌ಸೈಟು ನನ್ನನ್ನು ಬಿಡುತ್ತಿಲ್ಲವಮ್ಮಾ ಎಂದೆ. ನನ್ನ ವಯಸ್ಸು ಕೇಳಿದಳು. ಎಪ್ಪತ್ತನಾಲ್ಕು ಎಂದೆ. “ಓಹ್” ಎಂದಳು. ನಾಲ್ಕು ದಿನದಲ್ಲಿ ಅಂಚೆಯಲ್ಲಿ ಒಂದು ಪುಸ್ತಿಕೆ ಬಂತು: ‘ಇಂಟರ್ನೆಟ್ ಪದಗಳು, ಹೊಸಬರಿಗಾಗಿ’. ದಪ್ಪ ಅಕ್ಷರ, ಬಣ್ಣದ ಚಿತ್ರ, ಎಂಟು ಪುಟ.

ಮಾನ್ಯರೇ, ನಾನು ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆರಡು ವರ್ಷ ಕೂತು ಊರು ಊರಿಗೆ ಟ್ರಂಕ್ ಕಾಲ್ ಜೋಡಿಸಿದವಳು. ಯಂತ್ರ ಕಂಡರೆ ಹೆದರುವವಳಲ್ಲ. ಆದರೂ ಕುಣಿಯಲಾರದವಳು ನೆಲ ಡೊಂಕು ಎಂದಳು ಎಂದು ತಾವು ಅಂದುಕೊಳ್ಳಬಾರದಲ್ಲ, ಅದಕ್ಕೆ ಪುಸ್ತಿಕೆಯನ್ನು ಮೊದಲಿಂದ ಕೊನೆಯವರೆಗೆ ಗೆರೆ ಎಳೆದುಕೊಂಡು ಓದಿದೆ. ಬ್ರೌಸರ್ ಎಂದರೆ ವೆಬ್‌ಸೈಟುಗಳನ್ನು ತೆರೆದು ತೋರಿಸುವ ಪ್ರೋಗ್ರಾಮು. ಸರಿ. ಪ್ರತಿ ವೆಬ್‌ಸೈಟಿಗೂ ಒಂದು ವಿಳಾಸವಿರುತ್ತದೆ. ಸರಿ. ಹೋಮ್ ಪೇಜ್ ಎಂದರೆ ಆ ವೆಬ್‌ಸೈಟಿನ ಮುಂಬಾಗಿಲಂತೆ. ನಮ್ಮ ಕಡೆ ಮುಂಬಾಗಿಲು ತಟ್ಟಿದರೆ ಒಳಗಿನಿಂದ ‘ಯಾರದು?’ ಎಂದಾದರೂ ಕೇಳುತ್ತಾರೆ. ಲಿಂಕ್ ಎಂದರೆ ಒತ್ತಿದರೆ ಇನ್ನೊಂದು ಪುಟಕ್ಕೆ ಕರೆದೊಯ್ಯುವ ಪದ. ತಮ್ಮ ‘ಸಹಾಯ ಬೇಕೇ?’ ಎಂಬ ಲಿಂಕನ್ನು ಒತ್ತಿದೆ, ಅದು ಮರಳಿ ಅದೇ ಮುಂಬಾಗಿಲಿಗೆ ತಂದು ನಿಲ್ಲಿಸಿತು. ಕುಕೀ ಎಂದರೆ ಬಂದವರನ್ನು ನೆನಪಿಟ್ಟುಕೊಳ್ಳಲು ವೆಬ್‌ಸೈಟು ನಮ್ಮ ಕಂಪ್ಯೂಟರಿನಲ್ಲಿ ಇಟ್ಟುಹೋಗುವ ಚೀಟಿ. ಇಡಿ ಎಂದು ದಿನವೂ ಅನುಮತಿ ಕೊಟ್ಟಿದ್ದೇನೆ. ಮರುದಿನ ತಾವು ಯಾರು ಎಂದು ಮತ್ತೆ ಕೇಳುತ್ತದೆ. ಸರ್ವರ್ ಎಂದರೆ ಕೇಳಿದ್ದನ್ನು ಒದಗಿಸುವ ಕಂಪ್ಯೂಟರಂತೆ. ಈ ವ್ಯಾಖ್ಯಾನ ಬರೆದ ಪುಣ್ಯಾತ್ಮರು ತಮ್ಮ ಸರ್ವರ್ ನೋಡಿದ್ದಾರೆಯೇ?

ನಾನು ಯಂತ್ರವಲ್ಲ, ಮನುಷ್ಯಳೇ ಎಂಬುದಕ್ಕೂ ಒಂದು ಪರೀಕ್ಷೆ ಇತ್ತು. ಒಂಬತ್ತು ಚಿತ್ರ ತೋರಿಸಿ, ಬಸ್ಸು ಇರುವುದನ್ನೆಲ್ಲ ಒತ್ತಿ ಎಂದಿತು. ನಮ್ಮ ಮನೆಗೆ ಒಂದು ವ್ಯಾನ್ ಕಳಿಸಲಾಗದವರಿಗೆ ನಾನು ನಾಲ್ಕು ಬಸ್ಸು ಹುಡುಕಿಕೊಟ್ಟೆ.

ಈಗ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಕಳೆದ ವರ್ಷ ಕಾಗದದ ಅರ್ಜಿ ರದ್ದಾದಾಗ ನಮ್ಮ ಪಕ್ಕದ ಮನೆಯ ಶ್ರೀನಿ, ಅರವತ್ತರ ಪರೋಪಕಾರಿ, ನಮ್ಮ ಬೀದಿಯ ನಾಲ್ಕು ಮನೆಯವರಿಗೆ ತಾನೇ ಕೂತು ಖಾತೆ ತೆರೆದುಕೊಟ್ಟ. ಬೇರೆ ಬೇರೆ ಕಾಣಲೆಂದು ನಡುವೆ ಚುಕ್ಕಿ ಏನೇನೋ ಸೇರಿಸಿ ನಾಲ್ಕಕ್ಕೂ ತನ್ನ ಇಮೇಲನ್ನೇ ಕೊಟ್ಟ. ನಮ್ಮಲ್ಲಿ ಇದು ಹೊಸದಲ್ಲ. ಮೈಸೂರಿನಲ್ಲಿ ಇಡೀ ಬೀದಿಗೆ ಒಂದು ಮನೆಯಲ್ಲಿ ಫೋನಿದ್ದಾಗ, ಎಲ್ಲರೂ ಆ ನಂಬರನ್ನೇ ಮದುವೆ ಕಾಗದದಲ್ಲೂ ಅಚ್ಚು ಹಾಕಿಸುತ್ತಿದ್ದರು, ಆ ಮನೆಯವರು ಓಡಿಬಂದು ಕರೆಯುತ್ತಿದ್ದರು. ಶ್ರೀನಿಯೂ ಹಾಗೆಯೇ ನಮ್ಮ ಇಮೇಲ್ ಬಂದರೆ ಗೋಡೆಯಾಚೆಯಿಂದ ಕೂಗಿ ಹೇಳುತ್ತಿದ್ದ.

ಈಗ ಅವನು ತಂಗಿಯ ಮಗಳ ಮದುವೆಗೆಂದು ಮಾರ್ಚಿನಲ್ಲಿ ಮೈಸೂರಿಗೆ ಹೋಗಿದ್ದಾನೆ. ತಮ್ಮ ವೆಬ್‌ಸೈಟು ಪಾಸ್‌ವರ್ಡ್ ಬದಲಿಸು ಎಂದು ಹಟ ಹಿಡಿದು, ಗುಪ್ತ ಸಂಖ್ಯೆಯನ್ನು ಶ್ರೀನಿಯ ಇಮೇಲಿಗೆ ಕಳಿಸುತ್ತದೆ. ಬೇರೆ ದೇಶದಿಂದ ತೆರೆಯಲು ಹೋದದ್ದಕ್ಕೆ ಅವನ ಇಮೇಲ್ ಬೀಗ ಹಾಕಿಕೊಂಡಿದೆ. ಅದನ್ನು ಬಿಚ್ಚುವ ಸಂಖ್ಯೆ ಅವನ ಅಮೆರಿಕದ ಫೋನಿಗೆ ಹೋಗುತ್ತದೆ. ವಾಟ್ಸ್ಆ್ಯಪಿನಲ್ಲಿ ಕೇಳಿದರೆ, “ಅಕ್ಕಾ, ತಪ್ಪು ನಂದೇ. ಆ ಫೋನ್ ಮನ್ರೋ ಮನೆ ಡ್ರಾಯರ್‌ನಲ್ಲೇ ಬಿಟ್ಟು ಬಂದ್ಬಿಟ್ಟಿದೀನಿ, ಪ್ಲ್ಯಾನ್ ಬೇರೆ ಸಸ್ಪೆಂಡ್ ಮಾಡಿಸಿದೀನಿ. ಇಲ್ಲಿಂದ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಅವ್ರೂ ಅದೇ ನಂಬರ್‌ಗೆ ಕೋಡ್ ಕಳಿಸ್ತೀವಿ ಅಂತಾರೆ. ಯಜಮಾನ್ರು ಹೇಗಿದಾರೆ?” ಎಂದು ಅಳುವಂತಾದ. ಜುಲೈ ಕೊನೆಗೆ ಬರುತ್ತಾನೆ.

ಇಲ್ಲಿಂದ ಎರಡು ಗಂಟೆ ದಾರಿಯ ಜೆರಿಕೋದಲ್ಲಿ ಡಾಕ್ಟರಾಗಿರುವ ನನ್ನ ಮಗಳು ಗಾರ್ಗಿ ಭಾನುವಾರ ಬಂದು ತಾನೊಂದು ಕೈ ನೋಡಿದಳು. ಹೊಸ ಖಾತೆ ತೆರೆಯಲು ಹೋದರೆ ‘ಈ ವ್ಯಕ್ತಿ ಈಗಾಗಲೇ ಇದ್ದಾರೆ’ ಎಂದಿತು. ಇಮೇಲ್ ಬದಲಿಸಲು ಹೋದರೆ ಹಳೆಯ ಇಮೇಲಿಗೆ ಬಂದ ಸಂಖ್ಯೆ ಕೊಡಿ ಎಂದಿತು. “ಅಮ್ಮಾ, ದಿಸ್ ಈಸ್ ಕ್ರೇಜಿ. ನಂಗೂ ಆಗ್ತಿಲ್ಲ” ಎಂದಳು. ಮೊಮ್ಮಗಳು ಇಂಚರಾ ಪಕ್ಕದಿಂದ, “ಅಜ್ಜಿ, ಡಿಡ್ ಯೂ ಟ್ರೈ ಅನದರ್ ಬ್ರೌಸರ್?” ಎಂದಳು. ಟ್ರೈ ಮಾಡಿದ್ದೆ. ಪುಸ್ತಿಕೆಯ ಮೂರನೆಯ ಪುಟದಲ್ಲಿ ಹಾಗೆಯೇ ಹೇಳಿತ್ತು.

ಒಂದು ದಿನ ಗಾರ್ಗಿ ರಜೆ ಹಾಕಿ ನನ್ನನ್ನು ತಮ್ಮ ಕಚೇರಿಗೇ ಕರೆತಂದಳು. ಮೊದಲು ಅರ್ಜಿ ಕೊಡುವ ಕಿಟಕಿಯಿದ್ದ ಜಾಗದಲ್ಲಿ ಒಂದು ಟ್ಯಾಬ್ಲೆಟ್ ನಿಲ್ಲಿಸಿದ್ದಿರಿ. ಅದರಲ್ಲೂ ಅದೇ ವೆಬ್‌ಸೈಟು. ಹಿಂದಿನ ಕೋಣೆಯಿಂದ ಬಂದ ಒಬ್ಬರು ದ್ವಾರಕಾನಾಥರ ಕಡತ ತೆಗೆದು ನೋಡಿ, ಮೂರು ವರ್ಷಕ್ಕೆ ವೈದ್ಯರ ಮಂಜೂರಾತಿ ಇದೆ, ಎಲ್ಲ ಸರಿಯಿದೆ, ನವೀಕರಣ ಮಾತ್ರ ಆನ್‌ಲೈನ್ ಆಗಬೇಕು, ಖಾತೆಗೆ ಕೈ ಹಾಕಲು ನನಗೆ ಅಧಿಕಾರವಿಲ್ಲ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಅಲ್ಲಿ ಪೂಜಾರಿಯಾದರೂ ಮನುಷ್ಯ, ಕಾಡಿ ಬೇಡಿ ಒಪ್ಪಿಸಬಹುದು.

ಎಂಟು ಪುಟದ ಬಣ್ಣದ ಪುಸ್ತಿಕೆಯನ್ನು ಅಂಚೆಯಲ್ಲಿ ನನ್ನ ಮನೆಗೆ ಕಳಿಸಬಲ್ಲ ಕಚೇರಿಗೆ, ಒಂದು ಪುಟದ ಅರ್ಜಿಯನ್ನು ಅದೇ ಲಕೋಟೆಯಲ್ಲಿ ಹಾಕುವುದು ಏಕೆ ಸಾಧ್ಯವಾಗಲಿಲ್ಲ? ನಮ್ಮ ಎಕ್ಸ್‌ಚೇಂಜಿನಲ್ಲೂ ಲೈನು ಸಿಗದ ದಿನಗಳಿದ್ದವು. ಸಿಕ್ಕಾಗ ನಾವೇ ಫೋನ್ ಮಾಡುತ್ತೇವೆ ಎನ್ನುತ್ತಿದ್ದೆವು, ಮಾಡುತ್ತಿದ್ದೆವು. ಕಾಲ್ ಬುಕ್ ಮಾಡಿದವರಿಗೆ ಟೆಲಿಫೋನಿನ ಬಿಡಿಭಾಗಗಳ ಹೆಸರು ಕಲಿತು ಬನ್ನಿ ಎಂದು ಒಬ್ಬರೂ ಹೇಳಿದ್ದಿಲ್ಲ.

ಈ ಹನ್ನೊಂದು ವಾರದಲ್ಲಿ ನಾನು ಮೂವತ್ತೊಂದು ಹೊಸ ಪದ ಕಲಿತೆ. ನನ್ನ ಗಂಡ ಕಲಿತದ್ದನ್ನು ಕಳೆದುಕೊಂಡರು. ಮನೆಯಲ್ಲಿ ಚೀಟಿ ಹಿಡಿದು ನಾನೂ ಹೇಳಿಕೊಡುತ್ತೇನೆ, ನನ್ನ ಮೇಲೆ ಸಿಟ್ಟು ಮಾಡಿಕೊಂಡು ಮುಖ ತಿರುಗಿಸುತ್ತಾರೆ. ‘ಸಾಕು’ ಹೋಗಿ ಮೂರು ವಾರವಾಯಿತು. ಮೊನ್ನೆಯಿಂದ ಕಾಫಿಗೂ ಲೋಟವನ್ನೇ ತೋರಿಸುತ್ತಿದ್ದಾರೆ. ನನಗೆ ಭಯವಾಗಿದೆ, ಮಾನ್ಯರೇ. ಬಹಳ ಭಯವಾಗಿದೆ.

ನನ್ನ ಬೇಡಿಕೆ ಒಂದೇ. ಒಂದು ಕಾಗದದ ಅರ್ಜಿ ಕಳಿಸಿ, ಇಲ್ಲವೇ ಆ ಖಾತೆಗೆ ಕೈ ಹಾಕುವ ಅಧಿಕಾರವನ್ನು ಯಾರಾದರೂ ಒಬ್ಬ ಮನುಷ್ಯರಿಗೆ ಕೊಡಿ. ಥೆರಪಿಯ ದಿನ ಬೆಳಿಗ್ಗೆ ಇವರಿಗೆ ಹೇಗೋ ಗೊತ್ತಾಗುತ್ತದೆ. ಎಡಗೈಯಲ್ಲೇ ಶೂ ಎಳೆದುಕೊಂಡು ಬಾಗಿಲ ಕಡೆ ಮುಖ ಮಾಡಿ ಕೂರುತ್ತಾರೆ. ಇವತ್ತು ಬರಲ್ಲ ಎಂದರೆ ಯಾಕೆ ಎಂದು ಕೇಳಲು ಅವರಿಗೆ ಬಾಯಿಲ್ಲ, ಹೇಳಲು ನನ್ನ ಹತ್ತಿರ ಕಾರಣವಿಲ್ಲ. ಬರುವ ಮಂಗಳವಾರ ಹತ್ತು ಗಂಟೆಗೂ ಅವರು ಹಾಗೆಯೇ ಕೂತಿರುತ್ತಾರೆ. ವ್ಯಾನ್ ಕಳಿಸಿ.

ಇಂತಿ,
ಕಂಪ್ಯೂಟರ್ ಬರುತ್ತದೆ, ವ್ಯಾನು ಬರುವುದಿಲ್ಲ ಎಂಬ ಸ್ಥಿತಿಯಲ್ಲಿರುವ
ಪಂಕಜಾ ದ್ವಾರಕಾನಾಥ
ಮನ್ರೋ, ನ್ಯೂಜೆರ್ಸಿ