ನಿನ್ನ ಹೆಸರಿನ ಉದ್ಯಾನ

ಅಪ್ಪಾ,

ನೀನು ಈಗಿಲ್ಲ, ಇದನ್ನು ಓದುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತಿನದನ್ನು ಹೇಳಲು ಬೇರೆ ಯಾರೂ ತೋಚಲಿಲ್ಲ. ನಿನ್ನ ಮಗಳು ಈಗ ಪುರಸಭೆ ಅಧ್ಯಕ್ಷೆ. ಸಭೆಯಲ್ಲಿ ಎಂಜಿನಿಯರು ಮುಂದಿನ ಇಪ್ಪತ್ತು ವರ್ಷದ ಊರಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಮಳೆಗಾಲದ ವಲಸೆ ಮುಗಿಸಿ ಬಂದು ನೀನು ಕುರಿ ನಿಲ್ಲಿಸುತ್ತಿದ್ದ ಚಿಂಚಲಿ ರಸ್ತೆಯ ಬಯಲು ಅದರಲ್ಲಿ ಉದ್ಯಾನವಾಗಿತ್ತು.

"ಕುರಿ ಎಲ್ಲಿ ನಿಲ್ಲಬೇಕ್ರಿ?" ಎಂದೆ.

"ಮೇಡಂ, ಹುಡುಗೋರಿಗೆ ಆಡಾಕ ಜಾಗಾ ಇಲ್ಲ. ಹೆಣ್ಮಕ್ಕಳು ಸಂಜಿಕ ಕಬ್ಬಿನ ಟ್ರ್ಯಾಕ್ಟರ್ ನಡುವ ವಾಕಿಂಗ್ ಮಾಡಾಕತ್ತಾರ," ಎಂದರು ಸದಸ್ಯ ರಾಜಾರಾಮ.

ಅದೂ ಸುಳ್ಳಲ್ಲ. ನಾನು ನಕ್ಷೆಯಲ್ಲಿ ಆ ಬಯಲಿನ ಮೇಲೆ ಬೆರಳಿಟ್ಟೆ. ನನಗೆ ಬೇಸರವಾಯಿತೆಂದುಕೊಂಡು ರಾಜಾರಾಮ, "ನಿಮ್ಮ ಅಪ್ಪಾರ ಹೆಸರ ಇಡೂಣ್ರಿ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೂಂ ಎಂದೆನೋ, ಅವರೇ ಹಾಗೆ ಅಂದುಕೊಂಡರೋ, ಇನ್ನೂ ತಿಳಿಯುತ್ತಿಲ್ಲ.

ನೀನು ಯಾವತ್ತೂ ಹಿಂಡಿನ ಹಿಂದೆ ನಡೆದವನು. "ಮುಂದ ನಡದ್ರ ಕುಂಟೂ ಕುರಿ ಕಾಣೂದಿಲ್ಲ" ಎನ್ನುತ್ತಿದ್ದೆ. ಅಧ್ಯಕ್ಷರ ಕುರ್ಚಿಯನ್ನು ಎಲ್ಲರಿಗಿಂತ ಮುಂದೆಯೇ ಹಾಕಿರುತ್ತಾರೆ.

ಸಂಜೆ, ನಿನ್ನ ಜೊತೆ ಕುರಿ ಕಾಯ್ದ ಕಾಮಣ್ಣ ಕಾಕಾ ಮನೆಗೆ ಬಂದ.

"ಬಯಲಿಗೆ ನಿಮ್ಮಪ್ಪ ಬೀರದೇವನ ಹೆಸರ ಇಡತೀರಂತ. ಚಲೋ ಆತವ್ವಾ. ಇನ್ನ ಅಲ್ಲಿ ನಮ್ಮ ಕುರಿಗೆ ಯಾರೂ ಬ್ಯಾಡ ಅನ್ನಂಗಿಲ್ಲ."

ಸಭೆ ಮುಗಿದ ಮೇಲೆ ಎಂಜಿನಿಯರು ಬರೆಸಿ ಕಳಿಸಿದ್ದ ಉದ್ಯಾನದ ಗೇಟಿನ ಚಿತ್ರ ಮನೆಯ ಮೇಜಿನ ಮೇಲೆಯೇ ಇತ್ತು. ಫಲಕದಲ್ಲಿ ನಿನ್ನ ಹೆಸರು, ಅದರ ಕೆಳಗೆ ಇನ್ನೊಂದು ಸಾಲು: ದನ, ಕುರಿಗಳಿಗೆ ಪ್ರವೇಶವಿಲ್ಲ.

ಕಾಕಾ ಅದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. ಅವನಿಗೆ ಓದಲು ಬರುವುದಿಲ್ಲ.

ನಾನು ಚಹಾ ಮಾಡಲು ಒಳಗೆ ಹೋದೆ.

ಕೋಮಲ